ಕೋವಿ ಬಿದ್ದು ಈಡು ಹಾರಿದರೆ ಹೊಣೆ ಯಾರದು?

ಪ್ರಶ್ನೆ (ಸಕಲೇಶಪುರದ ಕಡೆಯ ತೋಟದವರು): ವಕೀಲ್ರೇ, ನಮಸ್ಕಾರ. ನಮ್ಮದು ಮಾವನವರ ಕಾಲದ ಜೋಡಿ ನಳಿಗೆ ಕೋವಿ. ಲೈಸೆನ್ಸ್ ಈಗ ನಮ್ಮ ಯಜಮಾನರ ಹೆಸರಲ್ಲಿದೆ. ಹಂದಿ ಓಡಿಸೋಕೆ ಅಂತ ತೋಟಾ ತುಂಬಿ ಗೋಡೆಗೆ ಒರಗಿಸಿಟ್ಟಿದ್ದರು. ಜಾರಿ ಬಿದ್ದು ಈಡು ಹಾರಿ, ಕೆಲಸದವನ ಕಾಲಿನ ಮೂಳೆ ಮುರಿದಿದೆ. ಟ್ರಿಗರ್ ಯಾರೂ ಮುಟ್ಟಿಲ್ಲ, ಸೇಫ್ಟಿನೂ ಹಾಕಿತ್ತು. ಇದು ಕಂಪನಿ ತಪ್ಪಲ್ವಾ? ಆಸ್ಪತ್ರೆಯಲ್ಲಿ ‘ಬಿದ್ದು ಪೆಟ್ಟಾಯ್ತು’ ಅಂತ ಬರೆಸಿ ಅನ್ನೋರೂ ಇದ್ದಾರೆ.

ವಕೀಲರು: ಮೇಡಂ, ಕೊನೆ ಮಾತಿಗೆ ಮೊದಲ ಉತ್ತರ. ದಯವಿಟ್ಟು ಹಾಗೆ ಬರೆಸಬೇಡಿ. ಚರೆ ಹೊಕ್ಕ ಗಾಯ ಯಾವ ಡಾಕ್ಟರಿಗೂ ಗೊತ್ತಾಗುತ್ತೆ, ಸುಳ್ಳು ಹೇಳಿದ್ದೇ ಇನ್ನೊಂದು ಕೇಸಾಗುತ್ತೆ. ಸ್ಟೇಷನ್ನಿಗೆ ಇವತ್ತೇ ತಿಳಿಸಿ.

ಇನ್ನು ಹೊಣೆ. ಟ್ರಿಗರ್ ಎಳೆದವರು ಯಾರು ಅನ್ನೋದಕ್ಕಿಂತ, ತುಂಬಿದ ಕೋವಿಯನ್ನ ಜನ ಓಡಾಡೋ ಜಾಗದಲ್ಲಿ ಬಿಟ್ಟವರು ಯಾರು ಅಂತ ಪೊಲೀಸರು ಕೇಳ್ತಾರೆ. ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಂ ಪ್ರಕಾರ, ಅಜಾಗರೂಕತೆಯಿಂದ ಮೂಳೆ ಮುರಿಯುವಂಥ ತೀವ್ರ ಗಾಯವಾದರೆ 3 ವರ್ಷದವರೆಗೆ ಜೈಲು, 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಜೀವ ಹೋಗಿದ್ದರೆ 106ನೇ ಕಲಂ, 5 ವರ್ಷದವರೆಗೆ. ಲೈಸೆನ್ಸ್ ಷರತ್ತು ಮುರಿದಿದ್ದರೆ ಆಯುಧ ಕಾಯ್ದೆಯ 30ನೇ ಕಲಮೂ ಸೇರುತ್ತೆ. ಕೆಲಸದವನ ಪರಿಹಾರ ಬೇರೆಯೇ ಲೆಕ್ಕ. ಅದಕ್ಕೆ ಕೋರ್ಟಿನವರೆಗೂ ಕಾಯಬೇಡಿ, ಆಸ್ಪತ್ರೆ ಖರ್ಚು ಈಗಲೇ ನೋಡಿಕೊಳ್ಳಿ.

ಕಂಪನಿ ವಿಷಯ: ಹಳೇ ಜೋಡಿ ನಳಿಗೆ ಕೋವಿಗಳಲ್ಲಿ ಬಹಳಷ್ಟಕ್ಕೆ ಸೇಫ್ಟಿ ಟ್ರಿಗರನ್ನ ಮಾತ್ರ ತಡೆಯುತ್ತೆ. ಒಳಗಿನ ಕೊಕ್ಕೆ ಸವೆದಿದ್ದರೆ, ಬಿದ್ದ ಪೆಟ್ಟಿಗೆ ಕುದುರೆ (ತೋಟಾ ಸಿಡಿಸಲು ಬಡಿಯುವ ಭಾಗ) ಕಳಚಿ ಈಡು ಹಾರಬಹುದು. ಸವೆತ ಬೇರೆ, ತಯಾರಿಕೆಯ ದೋಷ ಬೇರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 84ನೇ ಕಲಂ ತಯಾರಕರನ್ನ ಹೊಣೆ ಮಾಡುತ್ತೆ ನಿಜ: ವಿನ್ಯಾಸ ತಪ್ಪಿದ್ದರೆ, ತಯಾರಿಕೆ ತಪ್ಪಿದ್ದರೆ, ಸರಿಯಾದ ಎಚ್ಚರಿಕೆ ಕೊಡದಿದ್ದರೆ. ಆದರೆ ಆ ಅಧ್ಯಾಯ ಜಾರಿಗೆ ಬಂದಿದ್ದೇ 2020ರ ಜುಲೈಯಲ್ಲಿ. ಬಳಸಿದವರೇ ಮಾರ್ಪಾಡು ಮಾಡಿದ್ದರೆ, ತಪ್ಪಾಗಿ ಬಳಸಿದ್ದರೆ 87ನೇ ಕಲಂ ಕಂಪನಿಯ ಕೈ ಹಿಡಿಯುತ್ತೆ. ಮಾವನವರ ಕಾಲದ ಕೋವಿಗೆ ಈ ದಾರಿ ನಂಬಿಕೊಂಡು ಕೂರಬೇಡಿ.

ಸದಸ್ಯರೊಬ್ಬರು: ಅಮೆರಿಕದಲ್ಲಿ ಕಂಪನಿಗಳ ಮೇಲೆ ಕೇಸ್ ಹಾಕ್ತಾರಲ್ಲ ಸಾರ್?

ವಕೀಲರು: ಅಲ್ಲಿ 2005ರ ಒಂದು ಕಾನೂನು ಕಂಪನಿಗಳಿಗೆ ದೊಡ್ಡ ರಕ್ಷಣೆ ಕೊಟ್ಟಿದೆ. ಕೋವಿಯಲ್ಲೇ ದೋಷವಿದ್ದ ಕೇಸುಗಳೂ ಸೇರಿ ಕೆಲವಕ್ಕೆ ಮಾತ್ರ ಬಾಗಿಲು ತೆರೆದಿದೆ. ರೆಮಿಂಗ್ಟನ್ 700 ರೈಫಲ್ ಟ್ರಿಗರ್ ಎಳೆಯದೆ ಹಾರುತ್ತೆ ಅಂತ ವರ್ಷಗಟ್ಟಲೆ ದೂರು ಬಂತು. ಕಂಪನಿ ದೋಷ ಒಪ್ಪಲಿಲ್ಲ, ಆದರೂ ರಾಜಿಯಲ್ಲಿ ಟ್ರಿಗರ್ ಪುಕ್ಕಟೆ ಬದಲಿಸಿಕೊಡಲು ಒಪ್ಪಿತು.

ಕೊಡಗಿನ ಸದಸ್ಯರು: ನಮಗೆ ಲೈಸೆನ್ಸೇ ಬೇಡ. ನಮಗೂ ಇದೆಲ್ಲ ಅನ್ವಯವಾಗುತ್ತಾ?

ವಕೀಲರು: ಕೊಡವರಿಗೆ, ಜಮ್ಮಾ (ಕೊಡಗಿನ ಹಳೇ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ 2029ರವರೆಗೆ ಇರುವ ವಿನಾಯಿತಿ ಲೈಸೆನ್ಸಿಗೆ ಮಾತ್ರ ಸರ್. ಅಜಾಗರೂಕತೆಗೆ ಯಾರಿಗೂ ವಿನಾಯಿತಿ ಇಲ್ಲ.

ಪ್ರಶ್ನೆ ಕೇಳಿದವರು: ಪರಿಚಯದ ಮಿಸ್ತ್ರಿ ಒಬ್ಬರು ಕೋವಿ ಬಿಚ್ಚಿ ನೋಡ್ತೀನಿ ಅಂತಿದ್ದಾರೆ.

ವಕೀಲರು: ಬೇಡವೇ ಬೇಡ! ಇನ್ನೊಂದು ನಳಿಗೆಯಲ್ಲಿ ತೋಟಾ ಉಳಿದಿರಬಹುದು, ಆ ಕಡೆ ಯಾರನ್ನೂ ಬಿಡಬೇಡಿ. ಪೊಲೀಸರೇ ಪಂಚನಾಮೆ ಮಾಡಿ ಸೀಲ್ ಹಾಕಿ ಎಫ್‌ಎಸ್‌ಎಲ್‌ಗೆ (ವಿಧಿವಿಜ್ಞಾನ ಪ್ರಯೋಗಾಲಯಕ್ಕೆ) ಕಳಿಸಲಿ. ಬಿದ್ದರೆ ಹಾರುತ್ತಾ ಅನ್ನೋ ಪರೀಕ್ಷೆ ಆಗಬೇಕು ಅಂತ ನೀವೇ ಲಿಖಿತವಾಗಿ ಕೇಳಿ. ಮಿಸ್ತ್ರಿ ಒಂದು ಸ್ಕ್ರೂ ತಿರುಗಿಸಿದರೂ ನಿಮ್ಮ ಯಜಮಾನರ ಪರವಾಗಿ ಇರಬಹುದಾದ ಒಂದೇ ಸಾಕ್ಷ್ಯ ಕೆಡುತ್ತೆ.