ಅಪ್‌ಡೇಟ್ ಆದ ಮೇಲೆ ಡಿಸ್‌ಪ್ಲೇನಲ್ಲಿ 1024×768 ಒಂದೇ ಉಳಿದಿದೆ, ಬೇರೆ ರೆಸಲ್ಯೂಷನ್ ಕಾಣ್ತಿಲ್ಲ

ಪ್ರಶ್ನೆ (ಶನಿವಾರಸಂತೆ ಕಡೆಯಿಂದ)

ಎಲ್ಲರಿಗೂ ನಮಸ್ಕಾರ. ನಮ್ಮದು ಶನಿವಾರಸಂತೆ ಹತ್ತಿರ ಸಣ್ಣ ಕಾಫಿ ತೋಟ. ಲ್ಯಾಪ್‌ಟಾಪ್ ಏಳು ವರ್ಷ ಹಳೆಯದು. ಇಂಟೆಲ್ ಗ್ರಾಫಿಕ್ಸ್, 15.6 ಇಂಚಿನ ಸ್ಕ್ರೀನ್, ಆಪರೇಟಿಂಗ್ ಸಿಸ್ಟಮ್ ಲಿನಕ್ಸ್ ಮಿಂಟ್ 21.3. ಇಷ್ಟು ದಿನ 1920×1080ರಲ್ಲಿ ಚೆನ್ನಾಗಿ ನಡೆಯುತ್ತಿತ್ತು.

ಭಾನುವಾರ ಅಪ್‌ಡೇಟ್ ಮ್ಯಾನೇಜರ್‌ನಲ್ಲಿ ಬಂದದ್ದನ್ನೆಲ್ಲ ಹಾಕಲು ಕೊಟ್ಟೆ. ಹೊಸ ಕರ್ನಲ್ (ಸಿಸ್ಟಮ್‌ನ ತಿರುಳಿನ ಪ್ರೋಗ್ರಾಂ) ಕೂಡ ಇತ್ತು. ಲೈನ್ ಮೇಲೆ ಮರ ಬಿದ್ದು ಇಲ್ಲಿ ಮೂರು ದಿನದಿಂದ ಕರೆಂಟ್ ಇರಲಿಲ್ಲ, ಎಲ್ಲ ಯುಪಿಎಸ್ ಮೇಲೆ. ಅಪ್‌ಡೇಟ್ ಅರ್ಧ ಆಗಿರುವಾಗ ಯುಪಿಎಸ್ ಖಾಲಿಯಾಯಿತು. ಲ್ಯಾಪ್‌ಟಾಪ್‌ನ ಬ್ಯಾಟರಿ ಐದು ನಿಮಿಷ ಕೂಡ ನಿಲ್ಲುವುದಿಲ್ಲ, ಆಫ್ ಆಯಿತು.

ಕರೆಂಟ್ ಬಂದ ಮೇಲೆ ಆನ್ ಮಾಡಿದರೆ ಎಲ್ಲವೂ ದೊಡ್ಡದಾಗಿ, ಮಸುಕಾಗಿ ಕಾಣುತ್ತಿದೆ. ಸೆಟ್ಟಿಂಗ್ಸ್‌ನ ಡಿಸ್‌ಪ್ಲೇನಲ್ಲಿ 1024×768 ಒಂದೇ ಇದೆ. ಬ್ರೈಟ್‌ನೆಸ್ ಕೀ ಒತ್ತಿದರೂ ಬೆಳಕು ಬದಲಾಗುತ್ತಿಲ್ಲ. 'ಎಕ್ಸ್‌ರ‍್ಯಾಂಡ್‌ಆರ್' ಅನ್ನುವ ಕಮಾಂಡ್ ಕೊಟ್ಟರೆ ಮೊದಲು ಸ್ಕ್ರೀನ್‌ನ ಹೆಸರು 'ಇಡಿಪಿ-1' ಅಂತ ಬರುತ್ತಿದ್ದ ಜಾಗದಲ್ಲಿ ಈಗ 'ಡಿಫಾಲ್ಟ್' ಅಂತ ಬರುತ್ತಿದೆ. ಒಂದು ಕಡೆ ಓದಿ 'ನ್ಯೂಮೋಡ್', 'ಆಡ್‌ಮೋಡ್' ಹಾಕಿ 1920×1080 ಸೇರಿಸಲು ಎರಡು ಸಂಜೆ ಕೂತೆ. ಪ್ರತಿ ಸಲ ಗಾಮಾ ಸೈಜ್ ಸಿಗಲಿಲ್ಲ ಅನ್ನುವ ಎರರ್.

ಇದು ನನಗೆ ತುಂಬ ಬೇಕಾದ ಕೆಲಸ. ಅಪ್ಪ 1989ರಿಂದ ದಿನಾ ಬೆಳಿಗ್ಗೆ ತೋಟದ ಮಳೆ ಅಳೆದು, ಇಂಚು ಸೆಂಟ್ (ಇಂಚಿನ ನೂರರಲ್ಲಿ ಒಂದು ಪಾಲು) ಲೆಕ್ಕದಲ್ಲಿ ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದಾರೆ. ಈ ಥಂಡಿಗೆ ಹಳೇ ಪುಸ್ತಕಗಳಿಗೆ ಬೂಷ್ಟು ಹಿಡಿಯುತ್ತಿದೆ, ಪೆನ್ಸಿಲ್ ಅಕ್ಷರ ಅಳಿಸಿ ಹೋಗುತ್ತಿದೆ. ಅದಕ್ಕೇ ಒಂದೊಂದೇ ವರ್ಷವನ್ನು ಲಿಬ್ರೆಆಫೀಸ್‌ಗೆ ಹತ್ತಿಸುತ್ತಿದ್ದೇನೆ. ಒಂದು ಶೀಟ್‌ಗೆ ಹನ್ನೆರಡು ತಿಂಗಳು, ಕೊನೆಗೆ ಒಟ್ಟು. ಈಗ ಆಗಸ್ಟ್‌ವರೆಗೆ ಮಾತ್ರ ಕಾಣುತ್ತದೆ. ಚಿಕ್ಕದು ಮಾಡಿದರೆ 1 ಯಾವುದು 7 ಯಾವುದು ಗೊತ್ತಾಗುವುದಿಲ್ಲ. ಎಲ್ಲ ಅಳಿಸಿ ಹೊಸದಾಗಿ ಹಾಕಬೇಕಾ? ಬೇರೆ ದಾರಿ ಇದೆಯಾ?

ಉತ್ತರ (ಮೈಸೂರು)

ಮೇಡಂ, ಅಳಿಸಬೇಡಿ. 'ಕ್ಯಾಟ್ /ಪ್ರೊಕ್/ಸಿಎಂಡಿಲೈನ್' ಕೊಟ್ಟು ನೋಡಿ. ಬರುವ ಸಾಲಿನಲ್ಲಿ 'ನೊಮೋಡ್‌ಸೆಟ್' ಅನ್ನುವ ಪದ ಇದ್ದರೆ ಗ್ರಾಫಿಕ್ಸ್ ಡ್ರೈವರ್ ಕೆಲಸ ಮಾಡುವುದಿಲ್ಲ, ಆಗಲೂ ಹೀಗೇ ಒಂದೇ ರೆಸಲ್ಯೂಷನ್ ಉಳಿಯುತ್ತದೆ. ಇದ್ದರೆ ಗ್ರಬ್ (ಆನ್ ಆಗುವಾಗ ಕರ್ನಲ್ ಶುರು ಮಾಡುವ ಪ್ರೋಗ್ರಾಂ) ಸೆಟ್ಟಿಂಗ್‌ನಿಂದ ತೆಗೆದು 'ಅಪ್‌ಡೇಟ್-ಗ್ರಬ್' ಕೊಡಿ.

ಉತ್ತರ (ಕುಶಾಲನಗರ)

ಅಕ್ಕ, ಮೂರು ವಿಷಯ ಹೇಳಿ. ವೈಫೈ ಬರ್ತಿದೆಯಾ? ಸೌಂಡ್ ಬರ್ತಿದೆಯಾ? ಆನ್ ಮಾಡುವಾಗ ಎಸ್ಕೇಪ್ ಅಥವಾ ಶಿಫ್ಟ್ ಒತ್ತಿ ಗ್ರಬ್ ಮೆನುಗೆ ಹೋಗಿ, 'ಅಡ್ವಾನ್ಸ್ಡ್ ಆಪ್ಷನ್ಸ್'ನಲ್ಲಿ ಹಿಂದಿನ ಕರ್ನಲ್ ಆರಿಸಿದರೆ ಸ್ಕ್ರೀನ್ ಸರಿ ಇರುತ್ತಾ?

ಪ್ರಶ್ನೆ ಕೇಳಿದವರು

ಮೈಸೂರಿನ ಸರ್, ಆ ಪದ ಇಲ್ಲ.

ಕುಶಾಲನಗರದ ಅಣ್ಣ, ನೀವು ಕೇಳಿದ ಮೇಲೇ ನೋಡಿದೆ. ವೈಫೈ ಇಲ್ಲ, ನಾನು ಬರೆಯುತ್ತಿರುವುದು ಫೋನ್‌ನಿಂದ. ಸೌಂಡ್ ಕೂಡ ಇಲ್ಲ, ಸೆಟ್ಟಿಂಗ್ಸ್‌ನಲ್ಲಿ 'ಡಮ್ಮಿ ಔಟ್‌ಪುಟ್' ಅಂತಿದೆ. ಹೊಸ ಕರ್ನಲ್ 5.15.0-113. ಹಿಂದಿನ 112 ಆರಿಸಿದರೆ ಎಲ್ಲ ಮೊದಲಿನ ಹಾಗೇ ಇದೆ! 1920×1080 ಬಂತು, ವೈಫೈ ಕೂಡ ಬಂತು.

ಉತ್ತರ (ಕುಶಾಲನಗರ)

ಹಾಗಾದ್ರೆ ನಿಮ್ಮ ಸ್ಕ್ರೀನ್‌ಗೂ ಸೆಟ್ಟಿಂಗ್ಸ್‌ಗೂ ಏನೂ ಆಗಿಲ್ಲ. ರೆಸಲ್ಯೂಷನ್, ವೈಫೈ, ಸೌಂಡ್ ಮೂರೂ ಒಟ್ಟಿಗೆ ಹೋಗಿ, ಹಳೇ ಕರ್ನಲ್‌ನಲ್ಲಿ ಮೂರೂ ಒಟ್ಟಿಗೆ ಬಂದರೆ ನಾನು ಮೊದಲು ನೋಡುವುದು ಒಂದೇ ಪ್ಯಾಕೇಜ್.

ಉಬುಂಟು, ಮಿಂಟ್‌ನಲ್ಲಿ ಕರ್ನಲ್ ಒಂದೇ ಪ್ಯಾಕೇಜ್ ಆಗಿ ಬರುವುದಿಲ್ಲ. ಇಮೇಜ್ (ಕರ್ನಲ್‌ನ ಮುಖ್ಯ ಫೈಲ್) ಒಂದು, ಮಾಡ್ಯೂಲ್ಸ್ (ಡ್ರೈವರ್‌ಗಳಂಥ ಬಿಡಿ ಭಾಗಗಳು) ಒಂದು, 'ಮಾಡ್ಯೂಲ್ಸ್-ಎಕ್ಸ್‌ಟ್ರಾ' ಇನ್ನೊಂದು. ಮೊದಲ ಎರಡಿದ್ದರೆ ಸಾಕು, ಲ್ಯಾಪ್‌ಟಾಪ್ ಆನ್ ಆಗುತ್ತದೆ. ಆದರೆ ಇಂಟೆಲ್ ಗ್ರಾಫಿಕ್ಸ್‌ನ 'ಐ915' ಡ್ರೈವರ್, ಹೆಚ್ಚಿನ ವೈಫೈ ಡ್ರೈವರ್, ಸೌಂಡ್ ಡ್ರೈವರ್ ಎಲ್ಲ ಇರುವುದು ಎಕ್ಸ್‌ಟ್ರಾದಲ್ಲಿ. ನಿಮ್ಮಲ್ಲಿ ಅದನ್ನು ಹಾಕುವ ಮೊದಲೇ ಯುಪಿಎಸ್ ನಿಂತಿರಬೇಕು.

ಸ್ಕ್ರೀನ್ ತನಗೆ ಯಾವ ಯಾವ ಅಳತೆ ಆಗುತ್ತದೆ ಅಂತ ತಾನೇ ಹೇಳುತ್ತದೆ. ಕೇಳಿಸಿಕೊಳ್ಳುವುದು ಡ್ರೈವರ್. ಡ್ರೈವರ್ ಇಲ್ಲದಿದ್ದರೆ ಆನ್ ಆಗುವಾಗ ಫರ್ಮ್‌ವೇರ್ (ಲ್ಯಾಪ್‌ಟಾಪ್‌ನ ಒಳಗೇ ಇರುವ ಪ್ರೋಗ್ರಾಂ) ಕೊಟ್ಟ ಒಂದೇ ಅಳತೆಯಲ್ಲಿ ಚಿತ್ರ ಬರುತ್ತದೆ. 'ಡಿಫಾಲ್ಟ್' ಅನ್ನುವ ಹೆಸರು ಬಂದದ್ದು ಅದಕ್ಕೇ. ನೀವು ಎರಡು ಸಂಜೆ ಹಾಕಿದ ಕಮಾಂಡ್‌ನಲ್ಲಿ ತಪ್ಪಿರಲಿಲ್ಲ, ಅದನ್ನು ತೆಗೆದುಕೊಳ್ಳುವ ಡ್ರೈವರ್ ಅಲ್ಲಿ ಇರಲಿಲ್ಲ.

ಹಳೇ ಕರ್ನಲ್‌ನಲ್ಲೇ ಇದ್ದು, ವೈಫೈ ಹಾಕಿಕೊಂಡು, ಮೊದಲು 'ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ' ಕೊಡಿ. ಆಮೇಲೆ 'ಸುಡೊ ಆಪ್ಟ್ -ಎಫ್ ಇನ್‌ಸ್ಟಾಲ್'. ಅರ್ಧಕ್ಕೆ ನಿಂತ ಕೆಲಸ ಅಲ್ಲಿಂದ ಮುಂದುವರಿಯುತ್ತದೆ. ಅಷ್ಟಕ್ಕೂ ಎಕ್ಸ್‌ಟ್ರಾ ಬರದಿದ್ದರೆ 'ಸುಡೊ ಆಪ್ಟ್ ಇನ್‌ಸ್ಟಾಲ್ ಲಿನಕ್ಸ್-ಮಾಡ್ಯೂಲ್ಸ್-ಎಕ್ಸ್‌ಟ್ರಾ-5.15.0-113-ಜೆನೆರಿಕ್'. ಇಲ್ಲಿ ಬಹಳ ಜನ ಎಡವುತ್ತಾರೆ, ಸ್ವಲ್ಪ ಗಮನ ಕೊಡಿ. ಈಗ ನಡೆಯುತ್ತಿರುವ ಕರ್ನಲ್ ಯಾವುದು ಅಂತ 'ಯುನೇಮ್ -ಆರ್' ಕೇಳಿದರೆ ಅದು 112 ಅನ್ನುತ್ತದೆ, ಯಾಕಂದ್ರೆ ನೀವು ಕೂತಿರುವುದು ಹಳೇ ಕರ್ನಲ್‌ನಲ್ಲಿ. ಹಾಕಬೇಕಾದದ್ದು 113ರದ್ದು. ನಂಬರ್ ಕೈಯಾರೆ ಬರೆಯಿರಿ.

ಹೊಸದು ಸರಿಯಾಗುವವರೆಗೆ 'ಆಟೊರಿಮೂವ್' (ಬೇಡದ ಪ್ಯಾಕೇಜ್ ತೆಗೆಯುವ ಕಮಾಂಡ್) ಮಾಡಬೇಡಿ, ಹಳೇ ಕರ್ನಲ್ ಇರಲಿ. ಮತ್ತೆ ಯುಪಿಎಸ್ ಪೂರ್ತಿ ಚಾರ್ಜ್ ಆದ ಮೇಲೇ ಶುರು ಮಾಡಿ. ನಮ್ಮ ಕಡೆ ಮಳೆಗಾಲ ನಿಮಗೇ ಗೊತ್ತಲ್ವಾ.

ಉತ್ತರ (ವಿರಾಜಪೇಟೆ)

ಎನ್‌ವಿಡಿಯಾ ಕಾರ್ಡ್ ಇರುವವರಿಗೆ ಒಂದು ಮಾತು. ನನಗೂ ಕರ್ನಲ್ ಅಪ್‌ಡೇಟ್ ಆದ ಮೇಲೆ ರೆಸಲ್ಯೂಷನ್ ಹೋಗಿತ್ತು, ಆದರೆ ವೈಫೈ, ಸೌಂಡ್ ಸರಿ ಇದ್ದವು. ಅಲ್ಲಿ ಕಾರಣ ಬೇರೆ. ಹೊಸ ಕರ್ನಲ್‌ನ ಹೆಡರ್ಸ್ (ಡ್ರೈವರ್ ಕಟ್ಟಲು ಬೇಕಾದ ಫೈಲ್‌ಗಳು) ಇರಲಿಲ್ಲ, ಅದರಿಂದ ಪ್ರತಿ ಹೊಸ ಕರ್ನಲ್‌ಗೆ ಡ್ರೈವರ್ ಕಟ್ಟಿಕೊಡುವ ಡಿಕೆಎಂಎಸ್‌ಗೆ ಅದನ್ನು ಕಟ್ಟಲು ಆಗಿರಲಿಲ್ಲ. ಹೆಡರ್ಸ್ ಹಾಕಿದೆ, ಸರಿಯಾಯಿತು. ಸೆಕ್ಯೂರ್ ಬೂಟ್ (ಸಹಿ ಇಲ್ಲದ ಡ್ರೈವರ್ ತಡೆಯುವ ವ್ಯವಸ್ಥೆ) ಆನ್ ಇದ್ದರೆ ಡ್ರೈವರ್‌ನ ಸಹಿಯ ಕೀ ಸೇರಿಸಿದೆಯಾ ಅಂತಲೂ ನೋಡಿ.

ಪ್ರಶ್ನೆ ಕೇಳಿದವರು

ಸರಿಯಾಯಿತು ಅಣ್ಣ! ಮೊದಲ ಕಮಾಂಡ್ ಒಂದು ಪ್ಯಾಕೇಜ್ ಇಲ್ಲ ಅಂತ ನಿಂತಿತು. ಎರಡನೆಯದು ಕೊಟ್ಟಾಗ ಪಟ್ಟಿಯಲ್ಲಿ ನೀವು ಹೇಳಿದ 113ರ ಎಕ್ಸ್‌ಟ್ರಾ ಹೆಸರೇ ಮೊದಲು ಬಂತು. 60 ಎಂಬಿಗಿಂತ ಸ್ವಲ್ಪ ಜಾಸ್ತಿ ಇತ್ತು. ನಮ್ಮ ನೆಟ್‌ಗೆ ಅದು ಇಳಿಯಲು ಅರ್ಧ ಗಂಟೆ ಹಿಡಿಯಿತು, ಅಷ್ಟು ಹೊತ್ತೂ ಪಕ್ಕದಲ್ಲೇ ಕೂತಿದ್ದೆ. ರೀಸ್ಟಾರ್ಟ್ ಮಾಡಿದೆ, 113ರಲ್ಲೇ 1920×1080 ಬಂತು. ಬ್ರೈಟ್‌ನೆಸ್ ಕೀ ಕೂಡ ಕೆಲಸ ಮಾಡುತ್ತಿದೆ. ಎಲ್ಲ ಅಳಿಸಲು ಪೆನ್‌ಡ್ರೈವ್ ತಯಾರು ಮಾಡಿಟ್ಟಿದ್ದೆ, ನೀವೆಲ್ಲ ತಡೆದಿರಿ. ತುಂಬ ಉಪಕಾರ ಆಯಿತು.

ರಾತ್ರಿ 2018ರ ಪುಸ್ತಕ ತೆಗೆದೆ. ಜನವರಿಯಿಂದ ಡಿಸೆಂಬರ್‌ವರೆಗೆ ಒಟ್ಟಿಗೆ ಕಾಣುತ್ತಿದೆ. ಆಗಸ್ಟ್ 15ರಿಂದ 17ರವರೆಗೆ ಅಪ್ಪ ಅಂಕಿ ಬರೆದಿಲ್ಲ, 'ಅಳತೆ ಡಬ್ಬಿ ತುಂಬಿ ಚೆಲ್ಲಿದೆ' ಅಂತ ಬರೆದಿದ್ದಾರೆ. ಆ ಮೂರು ಖಾನೆಗೆ ಸೊನ್ನೆ ಹಾಕದೆ, ಅವರ ಮಾತನ್ನೇ ಹಾಕಿದ್ದೇನೆ.