ಟೇಪ್ ಕ್ಯಾಮರಾದಲ್ಲಿ ಇಂಟರ್ವಲ್ ರೆಕಾರ್ಡಿಂಗ್, ರೀಟೇಕ್: ಬಳಸಿದವರು ಹೇಳಿ

ಪ್ರಶ್ನೆ: ಹಳೇ ಡಿವಿಕ್ಯಾಮ್ (ಟೇಪ್‌ಗೆ ಡಿಜಿಟಲ್ ವಿಡಿಯೋ ಬರೆಯುವ ಸೋನಿ ಪದ್ಧತಿ) ಕ್ಯಾಮರಾ ಒಂದು ಕೈಗೆ ಬಂದಿದೆ. ಪಾಲ್ ಮಾಡೆಲ್, ಅಂದರೆ ಸೆಕೆಂಡಿಗೆ 25 ಫ್ರೇಮ್ (ಬಿಡಿ ಚಿತ್ರ) ತೆಗೆಯುವಂಥದ್ದು, ಚಿಕ್ಕ ಕ್ಯಾಸೆಟ್ ಹಾಕುವಂಥದ್ದು. ನಾಟಕದ ಸೆಟ್ ಕಟ್ಟುವುದನ್ನು ಬೆಳಗ್ಗೆಯಿಂದ ಸಂಜೆವರೆಗೆ, ಸುಮಾರು ಎಂಟು ಗಂಟೆ, ಟೈಮ್‌ಲ್ಯಾಪ್ಸ್ (ಇಡೀ ದಿನದ ಕೆಲಸ ಕೆಲವೇ ಕ್ಷಣಗಳಲ್ಲಿ ಓಡುವ ವಿಡಿಯೋ) ಮಾಡಬೇಕು. ಆಮೇಲೆ ನಟರ ಜೊತೆ ಸಂದರ್ಶನಗಳಿವೆ. ಮಾತು ತಡವರಿಸಿದಾಗ ರೀಟೇಕ್ ಬಟನ್ ಒತ್ತಿ ಅದರ ಮೇಲೇ ಮತ್ತೆ ತೆಗೆಯೋಣ ಅಂತಿದ್ದೇನೆ. ಮೆನುವಿನಲ್ಲಿ ಇಂಟರ್ವಲ್ ರೆಕಾರ್ಡಿಂಗ್ (ಆಗಾಗ ಒಂದು ಚಿಕ್ಕ ತುಣುಕನ್ನು ತಾನೇ ತೆಗೆಯುವುದು), ರೀಟೇಕ್ ಎರಡೂ ಇವೆ. ನಂಬಬಹುದಾ?

ಉತ್ತರ 1: ಸುಮ್ನೆ ನಿಲ್ಲಿಸದೆ ರೆಕಾರ್ಡ್ ಮಾಡಿ, ಎಡಿಟಿಂಗ್‌ನಲ್ಲಿ ವೇಗ ಹೆಚ್ಚಿಸಿ. ಅದರಷ್ಟು ನಯವಾದ ಟೈಮ್‌ಲ್ಯಾಪ್ಸ್ ಇನ್ನೊಂದಿಲ್ಲ.

ಉತ್ತರ 2: ಮೇಲಿನವರ ಮಾತು ಒಂದೇ ಕ್ಯಾಸೆಟ್‌ನಲ್ಲಿ ಮುಗಿಯುವ ಕೆಲಸಕ್ಕೆ ಸರಿ. ಚಿಕ್ಕ ಡಿವಿಕ್ಯಾಮ್ ಕ್ಯಾಸೆಟ್ ಅಂದರೆ 40 ನಿಮಿಷ. ಎಂಟು ಗಂಟೆಗೆ 12 ಕ್ಯಾಸೆಟ್ ಬೇಕು. ಪ್ರತಿ ಸಲ ಬದಲಿಸುವಾಗ ಟ್ರೈಪಾಡ್ ಒಂದು ಕೂದಲೆಳೆ ಅಲುಗಿದರೂ ಚಿತ್ರ ಜಿಗಿಯುತ್ತದೆ. ಇಂಟರ್ವಲ್ ಇರುವುದೇ ಇಂಥ ಕೆಲಸಕ್ಕೆ.

ಆದರೆ ಅದರಿಂದ ಏನು ಸಿಗುತ್ತದೆ ಅಂತ ಮೊದಲೇ ಗೊತ್ತಿರಲಿ. ಚಿಕ್ಕ ಟೇಪ್ ಕ್ಯಾಮರಾಗಳು ಒಂದೊಂದೇ ಫ್ರೇಮ್ ತೆಗೆಯುವುದಿಲ್ಲ. ಸೋನಿ ಪಿಡಿ150 ತರಹದ್ದರಲ್ಲಿ 30 ಸೆಕೆಂಡ್, 1, 5 ಅಥವಾ 10 ನಿಮಿಷಕ್ಕೊಮ್ಮೆ, ಅರ್ಧ ಸೆಕೆಂಡಿನಿಂದ 2 ಸೆಕೆಂಡ್‌ವರೆಗೆ ರೆಕಾರ್ಡ್ ಆಗುತ್ತದೆ. ಅದಕ್ಕಿಂತ ಚಿಕ್ಕ ತುಣುಕು ಇಲ್ಲ. ಯಾಕೆಂದರೆ ಡಿವಿಕ್ಯಾಮ್‌ನಲ್ಲಿ ಒಂದು ಫ್ರೇಮ್‌ಗೆ ಟೇಪ್ ಸರಿಯುವುದು ಒಂದು ಮಿಲಿಮೀಟರ್‌ಗಿಂತ ಚೂರು ಜಾಸ್ತಿ, ಅಷ್ಟೆ. ಆ ಚೂರಿನಲ್ಲಿ ಹೊರಟು ಆ ಚೂರಿನಲ್ಲೇ ನಿಲ್ಲುವುದು ಮೋಟಾರಿನ ಕೈಲಿ ಆಗದ ಕೆಲಸ. ಅರ್ಧ ಸೆಕೆಂಡ್ ಅಂತ ಇಟ್ಟರೂ ಐದಾರು ಫ್ರೇಮ್ ಹೆಚ್ಚುಕಮ್ಮಿ ಆಗುತ್ತದೆ.

ಹಾಗಾಗಿ ಕಚ್ಚಾ ಟೇಪ್ ನೋಡಿದರೆ ಬೇಜಾರಾಗುತ್ತದೆ. ಬಡಗಿ ಸುತ್ತಿಗೆ ಎತ್ತುತ್ತಾನೆ, ಅರ್ಧ ಸೆಕೆಂಡ್ ಮಾಮೂಲಿ ವೇಗದಲ್ಲಿ ಅಲ್ಲಾಡುತ್ತಾನೆ, ಟಪ್ ಅಂತ ಮಾಯ, ಇನ್ನೊಂದು ಮೂಲೆಯಲ್ಲಿ ಹಾಜರು. ಅದನ್ನು ಹಾಗೇ ಬಿಡಬೇಡಿ. ಎಡಿಟಿಂಗ್‌ನಲ್ಲಿ ಸುಮಾರು 12 ಪಟ್ಟು ವೇಗ ಕೊಟ್ಟರೆ ಒಂದೊಂದು ತುಣುಕಿನಿಂದ ಹೆಚ್ಚುಕಡಿಮೆ ಒಂದೊಂದೇ ಫ್ರೇಮ್ ಉಳಿಯುತ್ತದೆ. ಆಗ ಅದು ಟೈಮ್‌ಲ್ಯಾಪ್ಸ್ ಅನಿಸುತ್ತದೆ. ಫ್ರೇಮ್ ಬ್ಲೆಂಡಿಂಗ್ (ಅಕ್ಕಪಕ್ಕದ ಫ್ರೇಮ್‌ಗಳನ್ನು ಬೆರೆಸುವುದು) ಮಾತ್ರ ಆಫ್ ಮಾಡಿ, ಇಲ್ಲದಿದ್ದರೆ ಜನರೆಲ್ಲ ದೆವ್ವಗಳ ಹಾಗೆ ಕಾಣುತ್ತಾರೆ.

ಲೆಕ್ಕ ಹಾಕಿ ನೋಡಿ. ನಿಮಿಷಕ್ಕೊಮ್ಮೆ ಅರ್ಧ ಸೆಕೆಂಡ್ ಅಂದರೆ ಎಂಟು ಗಂಟೆಗೆ 480 ತುಣುಕು, ಟೇಪ್ ಖರ್ಚು ಬರೀ 4 ನಿಮಿಷ. ವೇಗ ಕೊಟ್ಟ ಮೇಲೆ ಉಳಿಯುವುದು 19 ಸೆಕೆಂಡ್. ಅದು ಸಾಲದು ಅನಿಸಿದರೆ 30 ಸೆಕೆಂಡಿಗೊಮ್ಮೆ ಇಡಿ, 38 ಸೆಕೆಂಡ್ ಸಿಗುತ್ತದೆ. ಸೆಟ್ ಕಟ್ಟುವ ಕೆಲಸಕ್ಕೆ ನಾನಾದರೆ 30 ಸೆಕೆಂಡೇ ಇಡುತ್ತೇನೆ. ಟೇಪ್ ಹೇಗೂ ಮಿಗುತ್ತದೆ ಅಲ್ವಾ?

ಫೋಕಸ್, ಐರಿಸ್ (ಲೆನ್ಸ್ ಒಳಗೆ ಬೆಳಕು ಬಿಡುವ ಕಿಂಡಿ), ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ), ಗೇನ್ (ಚಿತ್ರದ ಸಿಗ್ನಲ್ ಹೆಚ್ಚಿಸುವುದು) ಎಲ್ಲಾ ಮ್ಯಾನ್ಯುಯಲ್. ಆಟೋ ಬಿಟ್ಟರೆ ಒಂದೊಂದು ತುಣುಕೂ ಒಂದೊಂದು ಬಣ್ಣಕ್ಕೆ ಬರುತ್ತದೆ, ವೇಗ ಕೊಟ್ಟಾಗ ಚಿತ್ರ ಮಿಣಮಿಣ ಅನ್ನುತ್ತದೆ. ಟ್ರೈಪಾಡ್ ಮೇಲೆ ಸ್ಟೆಡಿಶಾಟ್ (ಕೈ ನಡುಕ ತಗ್ಗಿಸುವ ಸೌಲಭ್ಯ) ಬೇಡ. ಕರೆಂಟಿಗೆ ಅಡಾಪ್ಟರ್ ಹಾಕಿ, ಬ್ಯಾಟರಿ ನಂಬಿ ಕೂರಬೇಡಿ. ಟೈಮ್‌ಕೋಡ್ (ಪ್ರತಿ ಫ್ರೇಮ್‌ಗೂ ಬೀಳುವ ಸಮಯದ ಸಂಖ್ಯೆ) ರೆಕ್ ರನ್‌ನಲ್ಲಿರಲಿ, ಅಂದರೆ ರೆಕಾರ್ಡ್ ಆಗುವಾಗ ಮಾತ್ರ ಓಡಲಿ. ಫ್ರೀ ರನ್ (ಸದಾ ಓಡುವುದು) ಇಟ್ಟರೆ ಪ್ರತಿ ತುಣುಕಿಗೂ ಕೋಡ್ ಹಾರುತ್ತದೆ, ಕ್ಯಾಪ್ಚರ್ ಮಾಡುವಾಗ (ಟೇಪ್‌ನಿಂದ ಕಂಪ್ಯೂಟರ್‌ಗೆ ಇಳಿಸುವಾಗ) ಕಂಪ್ಯೂಟರ್ ಮುಗ್ಗರಿಸುತ್ತದೆ. ಕ್ಯಾಪ್ಚರ್ ಸಾಫ್ಟ್‌ವೇರ್‌ನಲ್ಲಿ ಸೀನ್ ಡಿಟೆಕ್ಟ್ (ಶಾಟ್‌ಗಳನ್ನು ತಾನೇ ಗುರುತಿಸಿ ಬೇರ್ಪಡಿಸುವುದು) ಕೂಡ ಆಫ್ ಮಾಡಿ. ಅದು ಟೇಪ್‌ನಲ್ಲಿರುವ ದಿನಾಂಕ, ಗಂಟೆ ನೋಡಿ ಕತ್ತರಿಸುತ್ತದೆ. ನಿಮಗೆ ನೂರಾರು ಪುಟಾಣಿ ಫೈಲ್‌ಗಳು ಸಿಗುತ್ತವೆ.

ಇನ್ನೊಂದು ಮಾತು. ಹೊಸ ಕ್ಯಾಸೆಟ್ ಹಾಕಿ. ಡಿವಿ ಕ್ಯಾಮರಾದ ಹೆಡ್ ಡ್ರಮ್ (ಟೇಪ್‌ಗೆ ಬರೆಯುವ, ಓದುವ ಹೆಡ್‌ಗಳಿರುವ ಉರುಳೆ) ತಿರುಗುವುದು ನಿಮಿಷಕ್ಕೆ 9000 ಸುತ್ತು. ಟೇಪ್ ನಿಂತಿರುವಾಗಲೂ ಡ್ರಮ್ ತಿರುಗುತ್ತಿದ್ದರೆ ಅದು ಒಂದೇ ಜಾಗವನ್ನು ಉಜ್ಜುತ್ತಿರುತ್ತದೆ. ಸವೆದ ಟೇಪ್ ಆದರೆ ಡ್ರಾಪ್‌ಔಟ್ (ಚಿತ್ರ ಅಲ್ಲಲ್ಲಿ ಮಾಯವಾಗುವುದು) ಬರುವುದೇ ಅಲ್ಲಿ.

ಉತ್ತರ 3: ಹೆಗಲ ಮೇಲೆ ಇಡುವ ದೊಡ್ಡ ಕ್ಯಾಮರಾಗಳ ಕಥೆ ಬೇರೆ. ಮೆಮೊರಿ ಬೋರ್ಡ್ ಇದ್ದರೆ ಫ್ರೇಮ್‌ಗಳನ್ನು ಮೊದಲು ಅದರಲ್ಲಿ ಕೂಡಿಟ್ಟುಕೊಂಡು ಆಮೇಲೆ ಒಟ್ಟಿಗೆ ಟೇಪ್‌ಗೆ ಬರೆಯುತ್ತವೆ. ಅಲ್ಲಿ ಒಂದೊಂದೇ ಫ್ರೇಮ್ ತೆಗೆಯಬಹುದು. ನಡುವೆ ಪವರ್ ಹೋದರೆ ಟೇಪ್‌ಗೆ ಇಳಿಯದೆ ಉಳಿದದ್ದೆಲ್ಲ ಹೋಯಿತು ಅಂತಲೇ ಲೆಕ್ಕ. ನಿಮ್ಮದು ಆ ಪೈಕಿ ಅಲ್ಲ, ಆದರೂ ಬಾಡಿಗೆಗೆ ತರುವವರಿಗೆ ಉಪಯೋಗಕ್ಕೆ ಬರಬಹುದು.

ಉತ್ತರ 4: ರೀಟೇಕ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಅದು ಟೇಪನ್ನು ಕೊನೆಯ ಶಾಟ್ ಶುರುವಾದ ಜಾಗಕ್ಕೆ ವಾಪಸ್ ತಂದು ನಿಲ್ಲಿಸುತ್ತದೆ. ಮುಂದಿನ ರೆಕಾರ್ಡಿಂಗ್ ಅಲ್ಲಿಂದಲೇ, ಹಳೆಯದರ ಮೇಲೆ. ಅಳಿಸಿದ್ದು ಅಳಿಸಿದಂತೆಯೇ, ಮತ್ತೆ ಸಿಗುವುದಿಲ್ಲ.

ಸಂದರ್ಶನಕ್ಕೆ ದಯವಿಟ್ಟು ಬೇಡ. ನಟರು ಮೊದಲ ಸಲ ತಡವರಿಸುತ್ತಾ ಹೇಳಿದ್ದರಲ್ಲೇ ಜೀವ ಇರುತ್ತದೆ. ಎರಡನೇ ಸಲ ಮಾತು ಚೊಕ್ಕವಾಗಿರುತ್ತದೆ, ಮುಖ ಸಪ್ಪೆಯಾಗಿರುತ್ತದೆ. ಎಡಿಟಿಂಗ್‌ನಲ್ಲಿ ಮೊದಲನೆಯದರ ಅರ್ಧ, ಎರಡನೆಯದರ ಅರ್ಧ ಸೇರಿಸುವುದು ಎಷ್ಟು ಸಲ ಬೇಕಾಗುತ್ತದೆ ಗೊತ್ತಾ? ಟೇಪ್ ಉಳಿಸಲು ಹೋಗಿ ಅದನ್ನೇ ಕಳೆದುಕೊಳ್ಳಬೇಡಿ.

ಬಳಸಲೇಬೇಕು ಅಂದರೆ ಕ್ಯಾಸೆಟ್ ಕೊನೆಗೆ ಬಂದಿರಬೇಕು, ಹಾಳಾದ ಶಾಟ್ ನಿಜವಾಗಿ ಹಾಳಾಗಿರಬೇಕು. ಲೆನ್ಸ್ ಕ್ಯಾಪ್ ಹಾಕಿಯೇ ತೆಗೆದದ್ದು, ಆ ತರಹ. ಆಗಲೂ ಎರಡು ವಿಷಯ ಗಮನದಲ್ಲಿರಲಿ. ಹೊಸ ಶಾಟ್ ಹಳೆಯದಕ್ಕಿಂತ ಚಿಕ್ಕದಾದರೆ ಹಳೆಯದರ ಬಾಲ ಹಾಗೇ ಉಳಿಯುತ್ತದೆ. ಕ್ಯಾಪ್ಚರ್ ಮಾಡುವವರು ಅದನ್ನು ನೋಡಿ ಇದ್ಯಾವುದು ಅಂತ ತಲೆ ಕೆರೆದುಕೊಳ್ಳುತ್ತಾರೆ. ರೆಕ್ ರನ್ ಆದರೆ ಹಳೇ ಶಾಟ್‌ನ ಟೈಮ್‌ಕೋಡೇ ಹೊಸದಕ್ಕೂ ಬರುತ್ತದೆ. ಲಾಗ್ ಹಾಳೆಯಲ್ಲಿ ಹಳೇ ಸಾಲನ್ನು ಅಲ್ಲೇ ಹೊಡೆದುಹಾಕಿ, ಸಂಜೆ ನೋಡೋಣ ಅಂತ ಬಿಡಬೇಡಿ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್. ಸೆಟ್‌ಗೆ 30 ಸೆಕೆಂಡ್ ಇಂಟರ್ವಲ್, ಸಂದರ್ಶನಕ್ಕೆ ರೀಟೇಕ್ ಇಲ್ಲ. ಒಂದು ಅನುಮಾನ. ಇಂಟರ್ವಲ್ ನಡೆಯುವಾಗ ಕ್ಯಾಮರಾಗೆ ಯಾರೋ ಅಡ್ಡ ಬಂದರೆ ಆ ತುಣುಕೊಂದನ್ನು ಮಾತ್ರ ರೀಟೇಕ್ ಮಾಡಬಹುದಾ?

ಉತ್ತರ 2: ಬೇಡವೇ ಬೇಡ. ಕೊನೆಯ ಶಾಟ್ ಅಂದರೆ ಕೊನೆಯ ತುಣುಕೋ, ಬೆಳಗ್ಗೆಯಿಂದ ತೆಗೆದದ್ದೆಲ್ಲವೋ ಅಂತ ಕೆಲಸ ನಡೆಯುವಾಗ ಪರೀಕ್ಷೆ ಮಾಡುವುದಲ್ಲ. ಅಡ್ಡ ಬಂದವರು ಇರಲಿ ಬಿಡಿ. ಒಂದೇ ಫ್ರೇಮ್ ತಾನೆ, ಎಡಿಟಿಂಗ್‌ನಲ್ಲಿ ತೆಗೆದುಹಾಕಿ ಪಕ್ಕದ ಫ್ರೇಮ್ ಇನ್ನೊಮ್ಮೆ ಹಾಕಿ. ಯಾರಿಗೂ ಗೊತ್ತಾಗುವುದಿಲ್ಲ.