ಹೊಲಿಯುವಾಗ ಕೊಲೆ ಕಥೆ ಬೇಕೇ ಬೇಕು: ಈ ಚಟ ನನಗೊಬ್ಬಳಿಗೆ ಮಾತ್ರವೇ?

ಸೂಜಿದಾರ, ದಾವಣಗೆರೆ

ವಿನೋಬನಗರದಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ರವಿಕೆ ಹೊಲಿಯುತ್ತೇನೆ. ಮದುವೆಯ ಹಂಗಾಮಿನಲ್ಲಿ ರಾತ್ರಿ ಹನ್ನೊಂದಾದರೂ ಕೆಲಸ ಮುಗಿಯುವುದಿಲ್ಲ. ಆಗ ಕಿವಿಗೆ ಭಕ್ತಿಗೀತೆಯೂ ಬೇಡ, ಧಾರಾವಾಹಿಯೂ ಬೇಡ. ಎಲ್ಲೋ ಯಾರೋ ಯಾರನ್ನೋ ಕೊಂದ ಕಥೆ ಬೇಕು. ಹೆಣ ಸಿಗುವ ಹೊತ್ತಿಗೆ ತೋಳು, ಅನುಮಾನ ಮೈದುನನ ಕಡೆ ತಿರುಗುವಷ್ಟರಲ್ಲಿ ಕುತ್ತಿಗೆ, ಕೋಳ ಬೀಳುವಾಗ ಹುಕ್ಕು. "ಕೈಯಲ್ಲಿ ಕತ್ತರಿ ಬೇರೆ ಇದೆ" ಎಂದು ಯಜಮಾನರು ಸ್ವಲ್ಪ ದೂರವೇ ಕೂರುತ್ತಾರೆ.

ಚಟ ಹಳೆಯದು. ಅಪ್ಪ ಬಾಡಿಗೆಗೆ ತರುತ್ತಿದ್ದ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಿಂದ ಶುರುವಾಯಿತು. ಒಂದು ಪುಸ್ತಕದ ಹನ್ನೆರಡನೇ ಪುಟದಲ್ಲಿ ಯಾರೋ ಪುಣ್ಯಾತ್ಮರು ಒಂದು ಹೆಸರಿಗೆ ಪೆನ್ಸಿಲಿನಲ್ಲಿ ಗೀಟು ಹಾಕಿ "ಇವನೇ ಕೊಲೆಗಾರ" ಎಂದು ಬರೆದಿದ್ದರು. ಅಳುವಷ್ಟು ಕೋಪ ಬಂತು. ಆದರೂ ಓದಿದೆ. ಕೊನೆಗೆ ನೋಡಿದರೆ ಅವನಲ್ಲ! ಆ ಪೆನ್ಸಿಲಿನವರಷ್ಟು ಒಳ್ಳೆಯ ಕಥೆಗಾರರನ್ನು ನಾನು ಆಮೇಲೆ ಕಂಡಿಲ್ಲ.

ಈಗ ಪ್ರಶ್ನೆ. 2024ರ ಅಕ್ಟೋಬರ್‌ನಲ್ಲಿ ನಮ್ಮದೇ ಜಿಲ್ಲೆಯ ನ್ಯಾಮತಿಯ ಬ್ಯಾಂಕೊಂದರಿಂದ ಸುಮಾರು 17 ಕಿಲೋ ಚಿನ್ನ ಹೋಯಿತಲ್ಲ, ಹೊನ್ನಾಳಿಯ ಚಿಕ್ಕಮ್ಮ ಮರುದಿನವೇ ತಮ್ಮ ಬ್ಯಾಂಕಿಗೆ ಓಡಿ ಲಾಕರ್ ತೆರೆಸಿ ಬಳೆ ಎಣಿಸಿ ಬಂದರು. ಐದು ತಿಂಗಳ ಮೇಲೆ ಆ ಚಿನ್ನ ಮಧುರೈ ಕಡೆಯ ಬಾವಿಯಲ್ಲಿ ಸಿಕ್ಕಿತು. ನನಗೆ ಕಳ್ಳರ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ಕುತೂಹಲ: ಅಷ್ಟು ಭಾರವನ್ನು ಬಾವಿಗೆ ಇಳಿಸಿದ್ದು ಹೇಗೆ, ಹಗ್ಗ ಎಂಥದ್ದು? ಅಡವಿಟ್ಟವರ ಸಂಕಟ ನೆನಪಾದದ್ದು ಮಾರನೇ ದಿನ. ನಿಮಗೂ ಹೀಗಾಗುತ್ತದೆಯೇ?

ಹಳೇ ಖಾಕಿ, ಚಿತ್ರದುರ್ಗ

ತಂಗೀ, ಮೂವತ್ತು ವರ್ಷ ಪೊಲೀಸ್ ಕೆಲಸ ಮಾಡಿದವನಿಗೂ ಆ ಹಗ್ಗವೇ ಮೊದಲು ಹೊಳೆಯುವುದು. ಆದರೆ ನೀವು ಕೇಳುವ ಕಥೆಗಳಲ್ಲಿ ಪಂಚನಾಮೆ ಇರುವುದಿಲ್ಲ. ಚಳ್ಳಕೆರೆ ಕಡೆ ಒಂದು ಕುರಿ ಕಳವಿನ ಪ್ರಕರಣದಲ್ಲಿ ಸಹಿ ಹಾಕಲು ಇಬ್ಬರು ಪಂಚರು ಸಿಗದೆ ಮಧ್ಯಾಹ್ನ ಮೂರರವರೆಗೆ ಬಿಸಿಲಿನಲ್ಲಿ ನಿಂತಿದ್ದೆ. ಚಹದಂಗಡಿಯಲ್ಲಿ ಕುಳಿತಿದ್ದ ಹತ್ತು ಜನರಿಗೆ "ಪಂಚರು" ಎಂಬ ಮಾತು ಕಿವಿಗೆ ಬಿದ್ದೊಡನೆ ಎಲ್ಲಿಲ್ಲದ ಕೆಲಸ ನೆನಪಾಯಿತು. ಕುರಿಯೂ ಸಿಗಲಿಲ್ಲ. ಪತ್ತೆಯಾಗದ ಪ್ರಕರಣಕ್ಕೆ ನಾವು "ಸಿ" ರಿಪೋರ್ಟ್ ಹಾಕುತ್ತೇವೆ. ಪುರುಷೋತ್ತಮ ಒಂದಾದರೂ "ಸಿ" ರಿಪೋರ್ಟ್ ಹಾಕಿದ್ದಾನೆಯೇ? ಅದಕ್ಕೇ ನಿವೃತ್ತಿಯಾದ ಮೇಲೆ ನಾನೂ ಪತ್ತೇದಾರಿಯನ್ನೇ ಓದುತ್ತೇನೆ.

ನಮ್ಮಲ್ಲೂ ಕಥೆಯಂಥವು ಇಲ್ಲದಿಲ್ಲ. 2020ರಲ್ಲಿ ನಿಮ್ಮ ದಾವಣಗೆರೆಯ ಶ್ವಾನದಳದ ತುಂಗಾ ಎಂಬ ಡಾಬರ್‌ಮನ್, ಕೊಲೆಯ ಜಾಡು ಹಿಡಿದು ಸುಮಾರು 12 ಕಿಲೋಮೀಟರ್ ಓಡಿ ಆರೋಪಿಯ ಸುಳಿವು ಕೊಟ್ಟಿತು. ಇದನ್ನು ಕಾದಂಬರಿಯಲ್ಲಿ ಬರೆದಿದ್ದರೆ ನಾನೇ ನಂಬುತ್ತಿರಲಿಲ್ಲ.

ಏಳುಸುತ್ತು

ಪ್ರತಿ ವರ್ಷ ಶಾಲೆಯ ಮಕ್ಕಳನ್ನು ಕೋಟೆಗೆ ಕರೆದೊಯ್ಯುತ್ತೇನೆ. ಓಬವ್ವನ ಕಿಂಡಿಯ ಮುಂದೆ ನಿಂತು ಶೌರ್ಯ, ಸ್ವಾಮಿನಿಷ್ಠೆ ಎಂದೆಲ್ಲ ಹೇಳಿ ಮುಗಿಸಿದ್ದೆ. ಆರನೇ ತರಗತಿಯ ಹುಡುಗಿ ಕೈಯೆತ್ತಿದಳು: "ಮೊದಲನೆಯವನು ಬಿದ್ದ ಸದ್ದು ಎರಡನೆಯವನಿಗೆ ಕೇಳಿಸಲಿಲ್ಲವೇ ಸಾರ್?" ಇನ್ನೊಬ್ಬ, "ಹೆಣಗಳನ್ನು ಎಳೆದು ಹಾಕಲು ಜಾಗ ಎಲ್ಲಿದೆ?" ಎಂದು ಬಂಡೆಯ ಸಂದಿಯನ್ನು ಗೇಣು ಹಾಕಿ ಅಳೆಯತೊಡಗಿದ. ಅಂದು ಪಾಠ ಅವರದೇ ಆಯಿತು. ಕಾನನ್ ಡಾಯ್ಲ್ 1893ರಲ್ಲಿ ಷರ್ಲಾಕ್ ಹೋಮ್ಸ್‌ನನ್ನು ಸ್ವಿಟ್ಜರ್ಲೆಂಡಿನ ಜಲಪಾತಕ್ಕೆ ಬೀಳಿಸಿ ಕೈತೊಳೆದುಕೊಳ್ಳಲು ನೋಡಿದರು. ಓದುಗರು ಬಿಡಲಿಲ್ಲ, ಹತ್ತು ವರ್ಷದ ಮೇಲೆ ಬದುಕಿಸಿಯೇ ತರಬೇಕಾಯಿತು. ಆ ಓದುಗರಲ್ಲಿಯೂ ಇಂಥ ಗೇಣು ಹಾಕುವವರೇ ಹೆಚ್ಚಿದ್ದಿರಬೇಕು.

ಜಗಳೂರಿನವಳು

ಕಾದಂಬರಿಯ ಬಗ್ಗೆ ನನ್ನ ತಕರಾರಿಲ್ಲ. ನಮ್ಮ ಪಕ್ಕದ ಮನೆಯಲ್ಲಿ ಕಳವಾದಾಗ ಮೊಬೈಲ್ ಹಿಡಿದ ಒಬ್ಬಾತ ಬಂದು, ಮುರಿದ ಬಾಗಿಲ ಮುಂದೆ ನಿಂತು, "ಒಳಗಿನವರದೇ ಕೈವಾಡವೇ?" ಎಂದು ಕೇಳಿ ಹೋದ. ಕಳ್ಳ ಸಿಕ್ಕಿದ, ಹೊರಗಿನವನೇ. ಆದರೆ ಆ ಮನೆಯ ಸೊಸೆ ಇವತ್ತಿಗೂ ನಲ್ಲಿಯ ಹತ್ತಿರ ಬಂದರೆ ಮಾತು ನಿಲ್ಲುತ್ತದೆ. ನಿಮ್ಮ ಕಿವಿಯ ಕಥೆಯಲ್ಲಿರುವ ಮೈದುನನಿಗೂ ಒಂದು ಊರಿದೆಯಲ್ಲ, ಸೂಜಿದಾರ ಅವರೇ?

ಸೂಜಿದಾರ, ದಾವಣಗೆರೆ

ಜಗಳೂರಿನವರೇ, ನಿಮ್ಮ ಮಾತು ಚುಚ್ಚಿತು. ಸತ್ತವಳ ಬೀದಿಯ ಹೆಸರನ್ನೂ ಬಿಡದೆ ಹೇಳುವ ಒಂದು ಕಾರ್ಯಕ್ರಮವನ್ನು ನಿನ್ನೆ ರಾತ್ರಿ ಅರ್ಧಕ್ಕೆ ನಿಲ್ಲಿಸಿದೆ. ಬದಲಿಗೆ ಹಳೆಯ ಕಾದಂಬರಿಯೊಂದನ್ನು ಹಾಕಿಕೊಂಡೆ. ಪೂರ್ತಿ ಬಿಡುತ್ತೇನೆ ಎಂದು ಮಾತ್ರ ಹೇಳಲಾರೆ.

ಹಳೇ ಖಾಕಿ ಅಣ್ಣ, ಒಂದು ಅನುಮಾನ. ನ್ಯಾಮತಿಯ ಕಳ್ಳರು ನಾಯಿಗೆ ವಾಸನೆ ಹತ್ತದಿರಲಿ ಎಂದು ಖಾರದ ಪುಡಿ ಎರಚಿದ್ದರಂತೆ. ಅದು ಬ್ಯಾಡಗಿಯೋ, ಗುಂಟೂರೋ? ಬ್ಯಾಡಗಿಯಾಗಿದ್ದರೆ ಬರೀ ಬಣ್ಣ, ತುಂಗಾ ಒಂದು ಸೀನು ಸೀನಿ ಮುಂದೆ ಹೋಗುತ್ತಿತ್ತು.